ಶಾಸಕರ ಕರಪತ್ರದಲ್ಲಿ ‘ಶೇ 90 ಭರವಸೆ ಈಡೇರಿದೆ’ ಅಂತಿದೆ, ನಂಬಬಹುದಾ?

ಪ್ರಶ್ನೆ: ಸರ್, ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯವನು. 2023ರ ಚುನಾವಣೆಯಲ್ಲಿ ನಮ್ಮ ಶಾಸಕರು ಊರಿಗೆ ಬಂದಾಗ ನಾಲ್ಕು ಮಾತು ಕೊಟ್ಟಿದ್ದರು. ಅರ್ಹ ಮುದುಕರಿಗೆಲ್ಲ ಒಂದು ವರ್ಷದೊಳಗೆ ಪಿಂಚಣಿ, ಕ್ಷೇತ್ರಕ್ಕೆ ಒಂದು ಸಾವಿರ ಮನೆ, ತಾಲ್ಲೂಕು ಕೇಂದ್ರದಲ್ಲಿ ಹೆಣ್ಣುಮಕ್ಕಳಿಗೆ ಇನ್ನೊಂದು ಹಾಸ್ಟೆಲ್, ಐದು ಗ್ಯಾರಂಟಿ ಪ್ರತಿ ಮನೆಗೂ. ಈಗ ಬಣ್ಣದ ಕರಪತ್ರ ಹಂಚಿದ್ದಾರೆ. ಶೇ 90ರಷ್ಟು ಭರವಸೆ ಈಡೇರಿದೆ ಅಂತ ಅದರಲ್ಲಿದೆ. ನಮ್ಮ ಅಜ್ಜಿಯ ಪಗಾರ (ಪಿಂಚಣಿ) ಎಂಟು ತಿಂಗಳಿಂದ ನಿಂತಿದೆ. ಹಾಸ್ಟೆಲ್ ಜಾಗದಲ್ಲಿ ಒಂದು ಕಲ್ಲು ಇದೆ, ಅಷ್ಟೇ. ನಮ್ಮ ಕಾಕಾ ‘ಎಲ್ಲಾ ಸುಳ್ಳು’ ಅಂತಾರೆ. ಗೆಳೆಯ ‘ಮನೆಗೆ ಎರಡು ಸಾವಿರ ಬರ್ತಿಲ್ವಾ, ಅದನ್ನ ಯಾರು ಕೊಟ್ಟಿದ್ದು’ ಅಂತಾನೆ. ಯಾರು ಸರಿ? ಮಾತು ತಪ್ಪಿದರೆ ಕೋರ್ಟಿಗೆ ಹೋಗಬಹುದಾ? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಇದ್ದದ್ದೂ ಹೋಗುತ್ತೆ ಅಂತ ಊರಲ್ಲಿ ಹೆದರಿಸ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಕರಪತ್ರ ನೋಡೋಣ, ಕಾಕಾ ಮತ್ತು ಗೆಳೆಯರ ಜಗಳ ಆಮೇಲೆ.

ಶೇ 90 ಅನ್ನುವುದು ಸುಳ್ಳೇ ಆಗಿರಬೇಕಿಲ್ಲ. ಸಾಮಾಜಿಕ ಲೆಕ್ಕ ತಪಾಸಣೆಯ ಕೆಲಸದಲ್ಲಿ ಇಂಥ ಕರಪತ್ರಗಳನ್ನು ನಾನು ಎಲ್ಲ ಪಕ್ಷದವರಿಂದಲೂ ನೋಡಿದ್ದೇನೆ. ಇಪ್ಪತ್ತು ಭರವಸೆಗಳ ಪಟ್ಟಿ ಮಾಡುತ್ತಾರೆ. ಯಾವುದರಲ್ಲಾದರೂ ಸ್ವಲ್ಪ ಕೆಲಸ ಶುರುವಾಗಿದ್ದರೆ ಅದರ ಮುಂದೆ ಟಿಕ್ ಬೀಳುತ್ತದೆ. ಹದಿನೆಂಟು ಟಿಕ್ ಆದರೆ ಶೇ 90. ಪಿಂಚಣಿ ಹತ್ತು ಜನರಿಗೆ ಬಂದರೂ ಒಂದು ಟಿಕ್, ಸಾವಿರ ಜನರಿಗೆ ಬಂದರೂ ಅದೇ ಒಂದು ಟಿಕ್. ನಿಮ್ಮ ಹಾಸ್ಟೆಲ್ ಕಲ್ಲಿಗೂ ಒಂದು ಟಿಕ್ ಬಿದ್ದಿರುತ್ತದೆ. ಹಾಗಾಗಿ ಆ ಅಂಕಿಯ ಜೊತೆ ಸುಮ್ನೆ ಜಗಳ ಬೇಡ. ನಾಲ್ಕು ಮಾತನ್ನೂ ಬೇರೆ ಬೇರೆ ಹಿಡಿದು ನೋಡಿ. ಪ್ರತಿಯೊಂದಕ್ಕೂ ಕೇಳಬೇಕಾದದ್ದು ಇಷ್ಟು: ಇದರಲ್ಲಿ ಶಾಸಕರ ಕೈಯಲ್ಲಿರುವುದು ಏನು, ಅದನ್ನು ಅವರು ಮಾಡಿದ್ದಾರಾ?

ಗ್ಯಾರಂಟಿಗಳಲ್ಲಿ ಗೆಳೆಯನ ಮಾತು ಎಲ್ಲಿ ತಪ್ಪುತ್ತದೆ ನೋಡಿ. ಐದು ಗ್ಯಾರಂಟಿ 2023ರಲ್ಲಿ ಕಾಂಗ್ರೆಸ್ ಪಕ್ಷ ಇಡೀ ರಾಜ್ಯಕ್ಕೆ ಕೊಟ್ಟ ಮಾತು. ಆ ವರ್ಷ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂತು. ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು. ವಿರೋಧ ಪಕ್ಷದ ಶಾಸಕರಿರುವ ಕ್ಷೇತ್ರದ ಹೆಣ್ಣುಮಗಳಿಗೂ ಅದೇ 2,000 ರೂಪಾಯಿ, ಅದೇ ಟಿಕೆಟ್. ಇದಕ್ಕೆ ವರ್ಷಕ್ಕೆ 50 ಸಾವಿರ ಕೋಟಿಯಷ್ಟು ಖರ್ಚು ರಾಜ್ಯದ ಬಜೆಟ್‌ನಿಂದ ಹೋಗುತ್ತದೆ. ನಿಮ್ಮ ಶಾಸಕರು ಆಡಳಿತ ಪಕ್ಷದವರಾದರೆ ಆ ಬಜೆಟ್‌ಗೆ ಕೈ ಎತ್ತಿದ್ದಾರೆ, ಅಷ್ಟರ ಮಟ್ಟಿಗೆ ಅವರದೂ ಪಾಲಿದೆ. ಆದರೆ ‘ನಾನು ಕೊಟ್ಟೆ’ ಅನ್ನುವಷ್ಟು ಪಾಲಲ್ಲ.

ಇನ್ನು ಅವರ ಕೈಯಲ್ಲಿ ಏನಿದೆ? ಬಿಟ್ಟುಹೋದವರು. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕೋಣ, ಯಾಕೆಂದರೆ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಗೃಹಲಕ್ಷ್ಮಿ ಒಂದು ಮನೆಗೆ ವರ್ಷಕ್ಕೆ 24,000 ರೂಪಾಯಿ. ಒಂದು ಹಳ್ಳಿಯಲ್ಲಿ ಅರ್ಹರಿದ್ದೂ ನೂರು ಮನೆ ಹೊರಗೆ ಉಳಿದಿದ್ದರೆ ವರ್ಷಕ್ಕೆ 24 ಲಕ್ಷ ರೂಪಾಯಿ ಆ ಊರಿಗೆ ಬರಬೇಕಾದದ್ದು ಬರುತ್ತಿಲ್ಲ. ಈಗ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ನೋಡಿ. ಅದು ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ. ಕ್ಷೇತ್ರದಲ್ಲಿ ಎರಡು ಲಕ್ಷ ಮತದಾರರಿದ್ದರೆ ತಲೆಗೆ ನೂರು ರೂಪಾಯಿ. 224 ಶಾಸಕರದ್ದೂ ಸೇರಿಸಿದರೆ 448 ಕೋಟಿ. ಗ್ಯಾರಂಟಿ ಖರ್ಚಿನ ಮುಂದೆ ಅದು ಶೇ 1ಕ್ಕಿಂತ ಕಮ್ಮಿ. ಇನ್ನೊಂದು ರೀತಿ ಹೇಳುತ್ತೇನೆ: ಕ್ಷೇತ್ರದಲ್ಲಿ ಬಿಟ್ಟುಹೋದ 833 ಹೆಣ್ಣುಮಕ್ಕಳನ್ನು ಗೃಹಲಕ್ಷ್ಮಿಗೆ ಸೇರಿಸಿದರೆ ಸಾಕು, ಶಾಸಕರ ಇಡೀ ವರ್ಷದ ನಿಧಿಯಷ್ಟು ಹಣ ಪ್ರತಿ ವರ್ಷ ಆ ಕ್ಷೇತ್ರದ ಮನೆಗಳಿಗೆ ಬರುತ್ತದೆ. ಇದಕ್ಕೆ ಶಾಸಕರ ನಿಧಿಯ ಒಂದು ರೂಪಾಯಿಯೂ ಬೇಡ. ಬೇಕಾದದ್ದು ಅಧಿಕಾರಿಗಳನ್ನು ಕೂರಿಸಿ ಪಟ್ಟಿ ಮಾಡಿಸುವುದು. ಆದರೆ ಪಟ್ಟಿಗೆ ಫಲಕ ಹಾಕಲು ಬರುವುದಿಲ್ಲ, ಸಮುದಾಯ ಭವನಕ್ಕೆ ಬರುತ್ತದೆ. ನಮ್ಮ ರಾಜಕೀಯದ ಒಂದು ದೊಡ್ಡ ತೊಂದರೆ ಇದು.

ಬಿಟ್ಟುಹೋಗುವುದು ಯಾಕೆ? ನಿಮ್ಮ ಭಾಗದಲ್ಲಿ ಕಾರಣಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಮೊದಲನೆಯದು ರೇಷನ್ ಕಾರ್ಡ್. ಗೃಹಲಕ್ಷ್ಮಿಗೆ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಹೆಸರಿರಬೇಕು. ಒಟ್ಟು ಕುಟುಂಬದಲ್ಲಿ ಅತ್ತೆಯ ಹೆಸರಿರುತ್ತದೆ. ಅತ್ತೆ ತೀರಿಕೊಂಡರೆ ಹೆಸರು ಬದಲಿಸಬೇಕು. ಮಕ್ಕಳು ಬೇರೆಯಾದರೆ ಹೊಸ ಕಾರ್ಡು ಬೇಕು. ಹೊಸ ಕಾರ್ಡಿನ ಅರ್ಜಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಅನ್ನುವುದು ಆಹಾರ ಇಲಾಖೆಗೇ ಗೊತ್ತು. ಎರಡನೆಯದು ಗುಳೆ. ಬೆಂಗಳೂರು, ಪುಣೆ, ಗೋವಾ ಅಂತ ದುಡಿಯಲು ಹೋದವರು ಇ-ಕೆವೈಸಿಗೆ ಬರಲು ಆಗದೆ ಪಟ್ಟಿಯಿಂದ ಬೀಳುತ್ತಾರೆ. ಮೂರನೆಯದು ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವ ಮನೆಯವರು ಅಂತ ತಪ್ಪಾಗಿ ಗುರುತಾಗಿ ಹೊರಬಿದ್ದವರೂ ಇದ್ದಾರೆ.

ಶಕ್ತಿ ಯೋಜನೆಯದ್ದು ಬೇರೆಯೇ ಕಥೆ. ಟಿಕೆಟ್ ಉಚಿತ, ಆದರೆ ಬಸ್ಸೇ ಬರದ ಊರಿಗೆ ಉಚಿತ ಟಿಕೆಟ್ ಇದ್ದರೆಷ್ಟು ಬಿಟ್ಟರೆಷ್ಟು? ಬೆಂಗಳೂರು, ಮೈಸೂರಿನ ಕಡೆ ಈ ಯೋಜನೆ ತಾನಾಗಿಯೇ ಎಲ್ಲರನ್ನೂ ಮುಟ್ಟುತ್ತದೆ. ನಿಮ್ಮ ಕಡೆ ತಾಂಡಾಗಳಿಗೆ, ಒಳಗಿನ ಹಳ್ಳಿಗಳಿಗೆ ದಿನಕ್ಕೆ ಎರಡು ಟ್ರಿಪ್ ಬಂದರೆ ದೊಡ್ಡದು. ಉಳಿದ ಹೊತ್ತು ಟಂಟಂನಲ್ಲಿ ದುಡ್ಡು ಕೊಟ್ಟೇ ಹೋಗಬೇಕು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಡಿಪೋದಿಂದ ಒಂದು ಟ್ರಿಪ್ ಹೆಚ್ಚಿಸಲು, ಕಾಲೇಜು ಬಿಡುವ ಹೊತ್ತಿಗೆ ಬಸ್ ಬರುವಂತೆ ವೇಳೆ ಬದಲಿಸಲು ಶಾಸಕರ ಒಂದು ಗಟ್ಟಿ ಮಾತು ನಿಜಕ್ಕೂ ನಡೆಯುತ್ತದೆ. ಕರಪತ್ರದಲ್ಲಿ ‘ಶಕ್ತಿ ಜಾರಿ’ ಅಂತ ಇದ್ದರೆ, 2023ರ ನಂತರ ಯಾವ ಹಳ್ಳಿಗೆ ಹೊಸದಾಗಿ ಬಸ್ ಬಂತು ಅಂತ ಕೇಳಿ.

ಗೃಹಜ್ಯೋತಿ, ಯುವನಿಧಿ, ಅನ್ನಭಾಗ್ಯದಲ್ಲಿ ಶಾಸಕರು ಮಾಡಬಹುದಾದದ್ದು ಕಮ್ಮಿ. ಅವನ್ನು ಬಿಡಿ.

ಈಗ ಪಿಂಚಣಿ. ನಾಲ್ಕು ಮಾತಿನಲ್ಲಿ ನಾನು ಇದನ್ನೇ ದೊಡ್ಡದು ಅಂತೀನಿ.

ಒಂದು ತಪ್ಪು ನಂಬಿಕೆ ಮೊದಲು ಹೋಗಬೇಕು. ಪಿಂಚಣಿ ಮಂಜೂರು ಮಾಡುವುದು ಶಾಸಕರಲ್ಲ. ಅವರ ಪತ್ರವೂ ಬೇಡ, ಅವರ ಸಹಿಯೂ ಬೇಡ. ಅರ್ಜಿ ನಾಡಕಚೇರಿಗೆ ಹೋಗುತ್ತದೆ, ಗ್ರಾಮ ಆಡಳಿತ ಅಧಿಕಾರಿ (ನೀವು ಈಗಲೂ ತಲಾಟಿ ಅಂತಲೇ ಕರೆಯುತ್ತೀರಿ) ಮತ್ತು ಕಂದಾಯ ನಿರೀಕ್ಷಕರು ವರದಿ ಹಾಕುತ್ತಾರೆ, ಕಂದಾಯ ಇಲಾಖೆ ಮಂಜೂರು ಮಾಡುತ್ತದೆ. ‘ಶಾಸಕರ ಕಡೆಯಿಂದ ಮಾಡಿಸಿಕೊಡ್ತೀನಿ’ ಅಂತ ದುಡ್ಡು ಕೇಳುವವರು ಮಾರುವುದು, ಹೇಗೂ ಬರಬೇಕಾದದ್ದನ್ನೇ.

ಹಣ ಎಲ್ಲಿಯದು? 60 ದಾಟಿದ ಬಡವರ ಪಿಂಚಣಿಯಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, 80 ದಾಟಿದರೆ 500. ಉಳಿದದ್ದು ರಾಜ್ಯದ್ದು. 65 ದಾಟಿದವರಿಗಿರುವ ಸಂಧ್ಯಾ ಸುರಕ್ಷಾ 2021ರಲ್ಲಿ 1,000ದಿಂದ 1,200 ರೂಪಾಯಿ ಆಯಿತು. ಶಾಸಕರ ನಿಧಿಯಿಂದ ಇದಕ್ಕೆ ಒಂದು ಪೈಸೆಯೂ ಬರುವುದಿಲ್ಲ, ಕೊಡಲು ಅವಕಾಶವೂ ಇಲ್ಲ. ಹಾಗಾದರೆ ‘ಎಲ್ಲರಿಗೂ ಒಂದು ವರ್ಷದೊಳಗೆ’ ಅಂತ ಅವರು ಮಾತು ಕೊಟ್ಟದ್ದು ಹೇಗೆ? ಕೆಟ್ಟ ಮಾತೇನಲ್ಲ ಅದು. ಪಿಂಚಣಿ ಅದಾಲತ್ ಮಾಡಿಸಿ, ತಹಶೀಲ್ದಾರರನ್ನು ಹೋಬಳಿಗೆ ಕರೆತಂದು, ಬಾಕಿ ಅರ್ಜಿಗಳನ್ನು ಅಲ್ಲೇ ತೀರಿಸಿದ ಶಾಸಕರನ್ನು ನಾನು ನೋಡಿದ್ದೇನೆ. ಅದಾಲತ್ತಿನಲ್ಲಿ ಹಾರ ಹಾಕಿಸಿಕೊಂಡು ಹತ್ತು ಮಂಜೂರಾತಿ ಪತ್ರ ಹಂಚಿ ಫೋಟೊ ತೆಗೆಸಿ ಹೋದವರನ್ನೂ ನೋಡಿದ್ದೇನೆ. ಎರಡೂ ಪೇಪರಿನಲ್ಲಿ ಒಂದೇ ಥರ ಕಾಣುತ್ತದೆ.

ವ್ಯತ್ಯಾಸ ಗೊತ್ತಾಗಬೇಕಾದರೆ ಇದನ್ನು ಮಾಡಿ. ನಿಮ್ಮ ಊರಿನ ಮತದಾರರ ಪಟ್ಟಿ ತೆಗೆದುಕೊಳ್ಳಿ. ಅದರಲ್ಲಿ ಎಲ್ಲರ ವಯಸ್ಸೂ ಇರುತ್ತದೆ. 60 ದಾಟಿದವರನ್ನು ಎಣಿಸಿ. ಆಮೇಲೆ ರಾಜ್ಯ ಸರ್ಕಾರದ ಮಾಹಿತಿ ಕಣಜ ವೆಬ್‌ಸೈಟ್‌ನಲ್ಲಿ ಊರುವಾರು ಪಿಂಚಣಿ ವಿವರ ನೋಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಂತರ ಕಾಣುತ್ತದೆ. ಆ ಅಂತರದಲ್ಲಿರುವ ಎಲ್ಲರೂ ಅರ್ಹರಲ್ಲ, ಅದು ನೆನಪಿರಲಿ. ಆದಾಯದ ಮಿತಿ ಇದೆ, ನಿವೃತ್ತ ನೌಕರರಿರುತ್ತಾರೆ, ವಿಧವಾ ವೇತನ ಪಡೆಯುವವರಿರುತ್ತಾರೆ, ಮತದಾರರ ಪಟ್ಟಿಯ ವಯಸ್ಸೂ ಅಷ್ಟು ನಿಖರ ಅಲ್ಲ. ಆದರೂ ಊರಿನ ನಾಲ್ಕು ಜನ ಕೂತು ಹೆಸರು ಹೆಸರಾಗಿ ನೋಡಿದರೆ ಒಂದು ಸಂಜೆಯಲ್ಲಿ ನಿಜವಾದ ಬಾಕಿ ಪಟ್ಟಿ ಕೈಗೆ ಬರುತ್ತದೆ. ಯಾವ ಕರಪತ್ರವೂ ಅದಕ್ಕೆ ಸಮ ಅಲ್ಲ.

ಅಜ್ಜಿಯ ವಿಷಯ. ಎಂಟು ತಿಂಗಳು ನಿಂತಿದೆ ಅಂದರೆ ಯಾರೋ ಬೇಕಂತಲೇ ನಿಲ್ಲಿಸಿದ್ದಾರೆ ಅಂತ ಅನ್ನಿಸುತ್ತದೆ. ಹೆಚ್ಚಿನ ಸಲ ಹಾಗಿರುವುದಿಲ್ಲ. ಹಣ ಆಧಾರ್ ಮೂಲಕ ಹೋಗುವಾಗ ಯಾವ ಖಾತೆಗೆ ಕೊನೆಯದಾಗಿ ಆಧಾರ್ ಜೋಡಿಸಿದೆಯೋ ಆ ಖಾತೆಗೇ ಹೋಗುತ್ತದೆ. ಸಂಘದ ಸಾಲಕ್ಕೆ ಅಂತ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಸಿದಾಗ ಹೆಬ್ಬೆಟ್ಟು ಒತ್ತಿಸಿಕೊಂಡಿರುತ್ತಾರೆ, ಪಗಾರ ಅಲ್ಲಿ ಬಂದು ಬೀಳುತ್ತಿರುತ್ತದೆ, ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಓಡಾಡುತ್ತಿರುತ್ತಾರೆ. ಆಧಾರ್ ವೆಬ್‌ಸೈಟ್‌ನಲ್ಲಿ ‘ಬ್ಯಾಂಕ್ ಸೀಡಿಂಗ್’ ಅನ್ನುವಲ್ಲಿ ಯಾವ ಬ್ಯಾಂಕ್ ಅಂತ ತೋರಿಸುತ್ತದೆ. ಮೊಬೈಲ್ ನಂಬರ್ ಜೋಡಿಸಿರಬೇಕು ಅಷ್ಟೇ. ಅಲ್ಲೂ ಹಣ ಇಲ್ಲದಿದ್ದರೆ ನಾಡಕಚೇರಿಯಲ್ಲಿ ಆದೇಶ ಸಂಖ್ಯೆ ಕೊಟ್ಟು ಸ್ಥಿತಿ ಕೇಳಿ. ವಾರ್ಷಿಕ ಪರಿಶೀಲನೆಗೆ ಹೋದಾಗ ಮನೆಯಲ್ಲಿ ಸಿಗಲಿಲ್ಲ ಅಂತ ‘ಊರಲ್ಲಿಲ್ಲ’ ಎಂದು ಬರೆದಿರಬಹುದು. ಬದುಕಿರುವವರನ್ನು ‘ಮರಣ’ ಅಂತ ಬರೆದದ್ದೂ ಉಂಟು. ಯಾವ ಕಾರಣಕ್ಕೆ ನಿಂತಿತು ಅಂತ ಬರಹದಲ್ಲಿ ಪಡೆಯಿರಿ. ಅದಕ್ಕೆ ತಕ್ಕಂತೆ ಖಾತೆ ಸರಿಮಾಡಿಸಬೇಕೋ, ಹೊಸ ಅರ್ಜಿ ಹಾಕಬೇಕೋ ತಿಳಿಯುತ್ತದೆ. ಹೊಸ ಅರ್ಜಿಯಾದರೆ ಸಕಾಲ (ಸರ್ಕಾರಿ ಸೇವೆ ಇಷ್ಟು ದಿನದೊಳಗೆ ಕೊಡಬೇಕು ಅನ್ನುವ ಕಾಯ್ದೆ) ಸಂಖ್ಯೆ ಬಿಡದೆ ತೆಗೆದುಕೊಳ್ಳಿ. ನಿಗದಿತ ದಿನ ಮೀರಿದರೆ ಮೇಲ್ಮನವಿ ಹಾಕಲು ಅದೇ ಆಧಾರ. ಸಕಾಲ ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿ ಪರಿಹಾರ ಇದೆ, ಹೆಚ್ಚೆಂದರೆ 500. ಆ ದುಡ್ಡು ದೊಡ್ಡದಲ್ಲ, ಆದರೆ ಅದು ಯಾರ ತಪ್ಪಿನಿಂದ ಅಂತ ದಾಖಲಾಗುವುದನ್ನು ಕಚೇರಿಯವರು ಇಷ್ಟಪಡುವುದಿಲ್ಲ. 1902 ಸಹಾಯವಾಣಿಗೂ ದೂರು ಕೊಡಬಹುದು.

ಒಂದು ಮಾತು ತಲಾಟಿಯ ಪರವಾಗಿಯೂ ಹೇಳಬೇಕು. ನಿಮ್ಮ ಭಾಗದಲ್ಲಿ ಒಬ್ಬರೇ ಎರಡು ಮೂರು ವೃತ್ತ ನೋಡಿಕೊಳ್ಳುವುದು ಮಾಮೂಲಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಹೇಳಿತು. ಅದರಲ್ಲಿ ಅತ್ಯಂತ ಹಿಂದುಳಿದವು 39, ಅವುಗಳಲ್ಲಿ 26 ಉತ್ತರ ಕರ್ನಾಟಕದವು. ಎಲ್ಲಿ ಬಡವರು ಜಾಸ್ತಿಯೋ ಅಲ್ಲೇ ಅರ್ಜಿ ಜಾಸ್ತಿ, ಅಲ್ಲೇ ಖಾಲಿ ಹುದ್ದೆಯೂ ಜಾಸ್ತಿ. ಶಾಸಕರು ಅಧಿಕಾರಿಯನ್ನು ಸಭೆಯಲ್ಲಿ ಬೈದರೆ ಚಪ್ಪಾಳೆ ಬೀಳುತ್ತದೆ. ಆದರೆ ಖಾಲಿ ಹುದ್ದೆ ತುಂಬಿಸಿ ಅಂತ ಸದನದಲ್ಲಿ ಕೇಳಿದರಾ ಅನ್ನುವುದನ್ನು ನೋಡಬೇಕು.

ಮನೆಗಳ ಲೆಕ್ಕದಲ್ಲಿ ಮೋಸ ಹೋಗುವುದು ಸುಲಭ. ‘ಸಾವಿರ ಮನೆ ತಂದಿದ್ದೇನೆ’ ಅಂದರೆ ಗುರಿ ಬಂದಿರಬಹುದು, ಪಟ್ಟಿ ಆಗಿರಬಹುದು, ಮಂಜೂರಾಗಿರಬಹುದು, ತಳಪಾಯ ಬಿದ್ದಿರಬಹುದು. ಇಷ್ಟರಲ್ಲಿ ಯಾವುದನ್ನು ಬೇಕಾದರೂ ಅವರು ‘ಮನೆ’ ಅಂತ ಎಣಿಸಬಹುದು. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹಣವನ್ನು ಒಂದೇ ಸಲ ಕೊಡುವುದಿಲ್ಲ. ತಳಪಾಯ, ಗೋಡೆ, ಛಾವಣಿ, ಪೂರ್ಣ ಅಂತ ಹಂತ ಹಂತವಾಗಿ, ಫೋಟೊ ಅಪ್‌ಲೋಡ್ ಆದ ಮೇಲೆ ಬಿಡುತ್ತದೆ. ಕಂತು ತಡವಾದರೆ ಮನೆ ಅರ್ಧಕ್ಕೆ ನಿಲ್ಲುತ್ತದೆ, ಮನೆಯವರು ಬಡ್ಡಿಗೆ ಸಾಲ ತರುತ್ತಾರೆ. ಫಲಾನುಭವಿಯ ಮನೆ ಯಾವ ಹಂತದಲ್ಲಿದೆ ಅಂತ ನಿಗಮದ ವೆಬ್‌ಸೈಟ್‌ನಲ್ಲಿ ನೋಡಬಹುದು. ನೀವು ಎಣಿಸಬೇಕಾದದ್ದು ಛಾವಣಿ ಬಿದ್ದು ಜನ ಒಳಗೆ ಹೋದ ಮನೆಗಳನ್ನು.

ಪಟ್ಟಿ ಮಾಡುವ ಹಕ್ಕು ಕಾಗದದ ಮೇಲೆ ಗ್ರಾಮಸಭೆಯದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣದಲ್ಲಂತೂ ಹೆಸರುಗಳು ಸಮೀಕ್ಷೆಯಿಂದ ಬರುತ್ತವೆ. 1.20 ಲಕ್ಷ ರೂಪಾಯಿಯಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. ಶಾಸಕರು ಹೊಸ ಹೆಸರು ಸೇರಿಸಲು ಬರುವುದಿಲ್ಲ. ಆದರೆ ನೆಲದ ಮೇಲೆ ಏನು ನಡೆಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. 2025ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆ ಆಳಂದದ ಶಾಸಕ ಬಿ.ಆರ್. ಪಾಟೀಲರ ಫೋನ್ ಮಾತು ಹೊರಬಂದಾಗ ರಾಜ್ಯವಿಡೀ ಸುದ್ದಿಯಾಯಿತು. ಆಡಳಿತ ಪಕ್ಷದ ಹಿರಿಯ ಶಾಸಕರೇ, ದುಡ್ಡು ಕೊಟ್ಟವರಿಗೆ ಮನೆ ಹಂಚಿಕೆಯಾಗುತ್ತಿದೆ ಅಂತ ಆರೋಪ ಮಾಡಿದ್ದರು. ವಸತಿ ಸಚಿವರು ಅದನ್ನು ಒಪ್ಪಲಿಲ್ಲ. ಆರೋಪದ ಸತ್ಯಾಸತ್ಯ ಬೇರೆ ಮಾತು. ನಾನು ಇಲ್ಲಿ ಹೇಳಲು ಕಾರಣ ಇಷ್ಟೇ: ಶಾಸಕರ ಶಿಫಾರಸು ಪತ್ರಕ್ಕೆ ನಾವು ಅಂದುಕೊಂಡಷ್ಟು ಬೆಲೆ ಯಾವಾಗಲೂ ಇರುವುದಿಲ್ಲ. ‘ನಾನು ಪತ್ರ ಬರೆದಿದ್ದೇನೆ’ ಅನ್ನುವುದನ್ನು ಭರವಸೆ ಈಡೇರಿದ ಲೆಕ್ಕಕ್ಕೆ ಹಾಕಬೇಡಿ.

ಹಾಸ್ಟೆಲ್‌ದು ಸರಳ. ಕಲ್ಲಿಗೆ ಅರ್ಥ ಬರುವುದು ಅದರ ಹಿಂದಿರುವ ಕಾಗದದಿಂದ. ಆಡಳಿತಾತ್ಮಕ ಅನುಮೋದನೆ ಆಗಿದೆಯಾ, ಟೆಂಡರ್ ಆಗಿದೆಯಾ, ಕಾರ್ಯಾದೇಶ ಕೊಟ್ಟಿದ್ದಾರಾ? ಮೂರೂ ಆಗಿದ್ದರೆ ತಡವಾದರೂ ಕಟ್ಟಡ ಏಳುತ್ತದೆ. ಮೊದಲನೆಯದೂ ಆಗದೆ ಭೂಮಿಪೂಜೆ ಮಾಡಿದ್ದರೆ ಅದು ಬರೀ ಪೂಜೆ. ಇನ್ನೊಂದು ದಾರಿಯೂ ಇದೆ, ಅದನ್ನು ಯಾರೂ ಭರವಸೆಯಲ್ಲಿ ಹೇಳುವುದಿಲ್ಲ. ಕಟ್ಟಡಕ್ಕೆ ಕಾಯದೆ ಬಾಡಿಗೆ ಕಟ್ಟಡದಲ್ಲಿ ಹಾಸ್ಟೆಲ್ ಶುರುಮಾಡಬಹುದು, ಇರುವ ಹಾಸ್ಟೆಲ್‌ನಲ್ಲಿ ಸೀಟು ಹೆಚ್ಚಿಸಬಹುದು. ಈ ವರ್ಷ ಎಷ್ಟು ಹುಡುಗಿಯರು ಅರ್ಜಿ ಹಾಕಿದರು, ಎಷ್ಟು ಜನಕ್ಕೆ ಸೀಟು ಸಿಗಲಿಲ್ಲ ಅಂತ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ತಾಲ್ಲೂಕು ಕಚೇರಿಗಳಲ್ಲಿ ಸಿಗುತ್ತದೆ. ಶಾಸಕರ ಮುಂದೆ ಆ ಸಂಖ್ಯೆ ಇಟ್ಟರೆ ಮಾತು ಕಲ್ಲಿನಿಂದ ಮಕ್ಕಳ ಕಡೆಗೆ ಬರುತ್ತದೆ.

‘ಹಣವೇ ಇಲ್ಲ, ಗ್ಯಾರಂಟಿಗೆ ಹೋಯಿತು’ ಅಂತ ಶಾಸಕರು ಹೇಳಬಹುದು. ಅದರಲ್ಲಿ ಸತ್ಯ ಇಲ್ಲದೇ ಇಲ್ಲ. ಕ್ಷೇತ್ರದ ಕೆಲಸಕ್ಕೆ ಅನುದಾನ ಸಿಗುತ್ತಿಲ್ಲ ಅಂತ ಆಡಳಿತ ಪಕ್ಷದ ಶಾಸಕರೇ ಬಹಿರಂಗವಾಗಿ ಗೊಣಗಿದ್ದಾರೆ. ಆದರೆ ನಿಮ್ಮ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಬೇರೆ ಕಡೆ ಇಲ್ಲದ ಒಂದು ಅನುಕೂಲ ಇದೆ. ಸಂವಿಧಾನದ 371(ಜೆ) ವಿಧಿಯ ಕಾರಣಕ್ಕೆ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರಿಂದ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ. ವಿಜಯಪುರ, ಬಾಗಲಕೋಟೆ, ಗದಗದವರಿಗೆ ಇದು ಇಲ್ಲ. ಘೋಷಣೆ, ಬಿಡುಗಡೆ, ಖರ್ಚು ಮೂರೂ ಬೇರೆ ಬೇರೆ, ಅದು ಸರಿ. ಆದರೂ ಕ್ಷೇತ್ರಕ್ಕೆ ಬಂದಷ್ಟರಲ್ಲಿ ಯಾವ ಕೆಲಸ ಆಗಬೇಕು ಅನ್ನುವುದರಲ್ಲಿ ಶಾಸಕರ ಆಯ್ಕೆ ದೊಡ್ಡದು. ಮಂಡಳಿಯ ಕ್ರಿಯಾಯೋಜನೆಯಲ್ಲಿ ನಿಮ್ಮ ತಾಲ್ಲೂಕಿನ ಹಾಳೆ ತೆಗೆದು ನೋಡಿ. ಸಿಸಿ ರಸ್ತೆ, ಕಾಂಪೌಂಡ್ ಗೋಡೆ, ಸಮುದಾಯ ಭವನ ಎಷ್ಟು, ಅಂಗನವಾಡಿ, ಶಾಲೆ ಕೊಠಡಿ, ಹಾಸ್ಟೆಲ್ ಎಷ್ಟು? ಶಾಸಕರ ಮನಸ್ಸು ಎಲ್ಲಿದೆ ಅಂತ ಭಾಷಣಕ್ಕಿಂತ ಆ ಹಾಳೆ ಚೆನ್ನಾಗಿ ಹೇಳುತ್ತದೆ.

ಹಣಕ್ಕಿಂತ ಹೆಚ್ಚಿನ ಅಧಿಕಾರ ಶಾಸಕರಿಗೆ ಸಭೆಗಳಲ್ಲಿದೆ. ತಾಲ್ಲೂಕು ಮಟ್ಟದ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಗೆ ಅವರೇ ಅಧ್ಯಕ್ಷರು, ಮೂರು ತಿಂಗಳಿಗೊಮ್ಮೆ ನಡೆಯಬೇಕು. ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೂ, ಪಟ್ಟಣದ ಬಡವರಿಗೆ ಮನೆ, ನಿವೇಶನ ಹಂಚುವ ಆಶ್ರಯ ಸಮಿತಿಗೂ ಅವರೇ ಅಧ್ಯಕ್ಷರು. ಇವು ಎಷ್ಟು ಸಲ ಕೂತವು, ಪಿಂಚಣಿ, ವಸತಿ, ಹಾಸ್ಟೆಲ್ ಬಗ್ಗೆ ಏನು ತೀರ್ಮಾನ ಆಯಿತು, ಮುಂದಿನ ಸಭೆಯಲ್ಲಿ ಅದನ್ನು ಕೇಳಿದರಾ? ನಡವಳಿ ಪುಸ್ತಕದಲ್ಲಿ ಎಲ್ಲ ಇರುತ್ತದೆ. ಶಾಸಕರು ವಿರೋಧ ಪಕ್ಷದವರಾದರೂ ಈ ಕುರ್ಚಿಗಳು ಅವರದೇ. ‘ನಮ್ಮ ಸರ್ಕಾರ ಇಲ್ಲ’ ಅನ್ನುವ ನೆಪ ಅನುದಾನಕ್ಕೆ ಸ್ವಲ್ಪ ನಡೆಯುತ್ತದೆ, ಸಭೆ ಕರೆಯದಿರುವುದಕ್ಕೆ ನಡೆಯುವುದಿಲ್ಲ.

ಕೋರ್ಟಿನ ಮಾತು. ಭರವಸೆ ತಪ್ಪಿದರು ಅಂತ ಶಾಸಕರ ಮೇಲೆ ಕೇಸು ಹಾಕಲು ದಾರಿ ಇಲ್ಲ. ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಪ್ರಣಾಳಿಕೆಯ ಭರವಸೆಗಳು ಜನಪ್ರತಿನಿಧಿ ಕಾಯ್ದೆಯ ಅರ್ಥದಲ್ಲಿ ಚುನಾವಣಾ ಭ್ರಷ್ಟಾಚಾರ ಅಲ್ಲ ಅಂತ ಹೇಳಿತು. ಅದೇ ತೀರ್ಪಿನಿಂದಾಗಿ ಚುನಾವಣಾ ಆಯೋಗ ಪ್ರಣಾಳಿಕೆಗೆ ಮಾರ್ಗಸೂಚಿ ಮಾಡಿತು. ಭರವಸೆಗೆ ಹಣ ಎಲ್ಲಿಂದ ಅಂತ ಸ್ಥೂಲವಾಗಿ ಹೇಳಬೇಕು ಅನ್ನುತ್ತದೆ ಅದು. ಹೇಳದಿದ್ದರೆ ದೊಡ್ಡ ಶಿಕ್ಷೆಯೇನೂ ಇಲ್ಲ. ಶಾಸಕರನ್ನು ಅವಧಿಗೆ ಮೊದಲೇ ವಾಪಸ್ ಕರೆಸುವ ಹಕ್ಕೂ ನಮಗಿಲ್ಲ. ಅರ್ಹ ವ್ಯಕ್ತಿಗೆ ಪಿಂಚಣಿ ನಿಲ್ಲಿಸಿದರೆ ಅದು ಬೇರೆ. ಅಲ್ಲಿ ಪ್ರಶ್ನೆ ಕಂದಾಯ ಇಲಾಖೆಯ ಮೇಲೆ. ಮೇಲ್ಮನವಿಯಿಂದ ಹೈಕೋರ್ಟಿನ ಕಲಬುರಗಿ ಪೀಠದವರೆಗೂ ದಾರಿ ಇದೆ.

ಮಾಹಿತಿ ಹಕ್ಕಿನ ಭಯದ ಬಗ್ಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ಯಾರ ಪಿಂಚಣಿ, ಯಾರ ರೇಷನ್ ನಿಲ್ಲಿಸಲೂ ಕಾನೂನಿನಲ್ಲಿ ಅವಕಾಶ ಇಲ್ಲ. ಆದರೆ ತಾಲ್ಲೂಕು ಕಚೇರಿಯಲ್ಲಿ ಬೆಳಿಗ್ಗೆ ಕೊಟ್ಟ ಅರ್ಜಿಯ ಸುದ್ದಿ ಸಂಜೆಯೊಳಗೆ ಊರಿಗೆ ಬರುತ್ತದೆ. ಮುಂದಿನ ಪಟ್ಟಿಯಲ್ಲಿ ನಿಮ್ಮ ಹೆಸರು ‘ಕಾಣದೆ ಹೋಗುವ’ ಸಾಧ್ಯತೆ ನಿಜ. ಅದಕ್ಕೇ ನಾನು ಹೇಳುವುದು, ಮೊದಲು ಅರ್ಜಿ ಇಲ್ಲದೆ ಸಿಗುವುದನ್ನೆಲ್ಲ ತೆಗೆಯಿರಿ. ಮತದಾರರ ಪಟ್ಟಿ, ಮಾಹಿತಿ ಕಣಜ, ವಸತಿ ನಿಗಮದ ವೆಬ್‌ಸೈಟ್ ಮೂರರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಉಳಿದದ್ದಕ್ಕೆ ಅರ್ಜಿ ಬೇಕಾದರೆ, ಸ್ಥಳೀಯ ಯೋಜನೆ ಯಾವುದರ ಮೇಲೂ ಅವಲಂಬನೆ ಇಲ್ಲದವರು ಹಾಕಲಿ. ಬೆಂಗಳೂರಿನಲ್ಲಿ ದುಡಿಯುವ ಊರಿನ ಹುಡುಗನೂ ಆನ್‌ಲೈನ್‌ನಲ್ಲಿ ಹಾಕಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಜನ ಸೋಲುವುದು ಇಲ್ಲೇ: ನಾಲ್ಕು ವಿಷಯ ಒಟ್ಟಿಗೆ ಬರೆದು ತಿರಸ್ಕಾರ ಮಾಡಿಸಿಕೊಳ್ಳುತ್ತಾರೆ. ಫಲಾನುಭವಿಗಳ ವೈಯಕ್ತಿಕ ವಿವರ ಕೇಳಬೇಡಿ, ಗ್ರಾಮ ಪಂಚಾಯಿತಿವಾರು ಸಂಖ್ಯೆ ಕೇಳಿ. ಶಾಸಕರ ಹೆಸರನ್ನು ಅರ್ಜಿಯಲ್ಲಿ ಎಲ್ಲೂ ಬರೆಯಬೇಡಿ. ಕೆಡಿಪಿ ನಡವಳಿಯ ಪ್ರತಿ ಕೇಳಿದರೆ ಅದು ಯಾರ ವಿರುದ್ಧದ ದೂರೂ ಅಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡಬೇಕಿಲ್ಲ. ಆದರೆ ಅಲ್ಲಿ ಸರದಿ ಉದ್ದ.

ಪಟ್ಟಿ ಕೈಗೆ ಬಂದ ಮೇಲೆ ಶಾಸಕರನ್ನು ನೇರವಾಗಿ ಭೇಟಿ ಮಾಡಿ ಅಂತಲೇ ನನ್ನ ಸಲಹೆ. ಪೇಪರಿಗೆ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಆಮೇಲೆ. ಮೊದಲೇ ಅವಮಾನ ಮಾಡಿದರೆ ಅವರು ಪಟ್ಟಿ ನೋಡುವುದಿಲ್ಲ, ಯಾರು ಮಾಡಿಸಿದರು ಅಂತ ನೋಡುತ್ತಾರೆ. ಒಬ್ಬರೇ ಹೋಗಬೇಡಿ. ಸ್ತ್ರೀಶಕ್ತಿ ಸಂಘದ ಇಬ್ಬರು, ಪಂಚಾಯಿತಿ ಸದಸ್ಯರೊಬ್ಬರು ಜೊತೆಗಿದ್ದರೆ ಪಕ್ಷದ ಬಣ್ಣ ಹತ್ತುವುದಿಲ್ಲ. ‘ಸಾಹೇಬ್ರೇ, ಕರಪತ್ರ ಓದಿದ್ವಿ, ನಮ್ಮ ಊರಿನ ಬಾಕಿ ಇಷ್ಟಿದೆ, ಮುಂದಿನ ಕೆಡಿಪಿ ಸಭೆಗೆ ಇದನ್ನು ತಗೊಳ್ರಿ’ ಅಂತ ಹೇಳಿ, ಎರಡು ಪ್ರತಿ ಒಯ್ದು ಒಂದರ ಮೇಲೆ ಅವರ ಕಚೇರಿಯ ಸೀಲು ಹಾಕಿಸಿಕೊಳ್ಳಿ. ಕೆಲಸ ಮಾಡುವ ಶಾಸಕರಾದರೆ ಸಿದ್ಧ ಪಟ್ಟಿ ಸಿಕ್ಕಿತು ಅಂತ ಖುಷಿಯೇ ಪಡುತ್ತಾರೆ.

ತಾಲ್ಲೂಕಿನಲ್ಲಿ ತೀರದ ವಿಷಯಗಳಿಗೆ, ಅಂದರೆ ವಸತಿ ಕಂತು, ಹಾಸ್ಟೆಲ್ ಮಂಜೂರಾತಿ, ತಲಾಟಿ ಹುದ್ದೆಗಳಿಗೆ ವಿಧಾನಸಭೆಯೇ ಜಾಗ. ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಉತ್ತರ ಕರ್ನಾಟಕದ ಚರ್ಚೆಗೆ ಸಮಯ ಇಡುವುದು ರೂಢಿ. ಪ್ರಶ್ನೆಯ ಸೂಚನೆ ಸಾಕಷ್ಟು ದಿನ ಮೊದಲೇ ಹೋಗಬೇಕು. ಆದ್ದರಿಂದ ನವೆಂಬರ್ ಮೊದಲ ವಾರದಲ್ಲೇ ಪ್ರಶ್ನೆಯನ್ನು ನೀವೇ ಬರೆದು ಕೊಡಿ. ನಮ್ಮ ತಾಲ್ಲೂಕಿನಲ್ಲಿ ಮಂಜೂರಾದ ಮನೆ ಎಷ್ಟು, ಯಾವ ಹಂತದಲ್ಲಿ ಎಷ್ಟು ನಿಂತಿವೆ, ಬಾಕಿ ಕಂತು ಎಷ್ಟು, ಯಾವಾಗ ಬಿಡುಗಡೆ ಅಂತ. ನಿಮ್ಮ ಶಾಸಕರು ಸಚಿವರಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ, ಪಕ್ಕದ ಕ್ಷೇತ್ರದವರಿಗೆ ಅಥವಾ ವಿಧಾನ ಪರಿಷತ್ ಸದಸ್ಯರಿಗೆ ಕೊಡಿ. ಸಚಿವರು ಸದನದಲ್ಲಿ ‘ಮಾಡುತ್ತೇವೆ’ ಅಂದರೆ ಅದು ಸರ್ಕಾರಿ ಭರವಸೆಗಳ ಸಮಿತಿಯ ಕಡತಕ್ಕೆ ಸೇರಬಹುದು. ಚುನಾವಣಾ ಭಾಷಣದ ಮಾತಿಗೆ ಅಂಥ ಕಡತ ಇಲ್ಲ. ಲಿಖಿತ ಉತ್ತರಗಳು ವಿಧಾನಸಭೆಯ ವೆಬ್‌ಸೈಟ್‌ನಲ್ಲಿ ಕನ್ನಡದಲ್ಲೇ ಸಿಗುತ್ತವೆ. ಪ್ರಿಂಟ್ ತೆಗೆದು ಮುಂದಿನ ಗ್ರಾಮಸಭೆಯಲ್ಲಿ ಓದಿ, ಓದಿದ್ದನ್ನು ಪಿಡಿಒ ಕೈಯಲ್ಲಿ ನಡವಳಿಗೆ ಬರೆಸಿ.